ನಮ್ಮವರು ಹಿಂದಿರುಗಿದ ಮೇಲೆ ಎಲ್ ಫಾಶಿರ್ ಏನಾಯಿತು?

ಮಾನ್ಯ ಸಂಪಾದಕರೇ,

2023ರ ಏಪ್ರಿಲ್ ಕೊನೆಯ ಎರಡು ವಾರ ಸುಡಾನಿನ ಎಲ್ ಫಾಶಿರ್ ಎಂಬ ಊರಿನ ಹೆಸರು ಕನ್ನಡ ಪತ್ರಿಕೆಗಳಲ್ಲಿ ಬೆಳಗಾದರೆ ಕಾಣುತ್ತಿತ್ತು. ಗಿಡಮೂಲಿಕೆ, ತಲೆಗೂದಲಿನ ಎಣ್ಣೆ ಮಾರಲು ಹೋಗಿದ್ದ ಹಕ್ಕಿಪಿಕ್ಕಿ ಸಮುದಾಯದವರು ಅಲ್ಲಿ ಸಿಕ್ಕಿಬಿದ್ದಿದ್ದರು. ಏಪ್ರಿಲ್ 15ರಂದು ಸುಡಾನಿನ ಸೇನೆಗೂ ಆರ್‌ಎಸ್‌ಎಫ್ ಎಂಬ ಅರೆಸೇನಾ ಪಡೆಗೂ ಯುದ್ಧ ಶುರುವಾಯಿತು. 18ರಂದು, ಆಗ ವಿರೋಧ ಪಕ್ಷದ ನಾಯಕರಾಗಿದ್ದ ಸಿದ್ದರಾಮಯ್ಯನವರು 31 ಮಂದಿ ಊಟವಿಲ್ಲದೆ ಒದ್ದಾಡುತ್ತಿದ್ದಾರೆ ಎಂದು ಟ್ವೀಟ್ ಮಾಡಿದರು. ವಿದೇಶಾಂಗ ಸಚಿವ ಜೈಶಂಕರ್ ಖಾರವಾಗಿಯೇ ಉತ್ತರ ಕೊಟ್ಟರು. ವಿಧಾನಸಭಾ ಚುನಾವಣೆ ಹತ್ತಿರದಲ್ಲೇ ಇತ್ತು, ಮಾತು ಬೆಳೆಯಿತು. 24ರಿಂದ ‘ಆಪರೇಷನ್ ಕಾವೇರಿ’ ನಡೆದು, ಮೇ 5ರ ಹೊತ್ತಿಗೆ 3,862 ಜನರನ್ನು ಹೊರತರಲಾಯಿತು. ಹಕ್ಕಿಪಿಕ್ಕಿ ಕುಟುಂಬಗಳು ಬಸ್ಸಿನಲ್ಲಿ ಪೋರ್ಟ್ ಸುಡಾನ್ ಸೇರಿ, ಜೆದ್ದಾ ಮೂಲಕ ಊರಿಗೆ ಬಂದವು. ಅಂದಿನ ವರದಿಗಾರಿಕೆ ಚೆನ್ನಾಗಿತ್ತು. ಆ ಒತ್ತಡ ಇಲ್ಲದಿದ್ದರೆ ಅವರ ಪಾಡು ಇನ್ನೂ ಕಷ್ಟವಾಗುತ್ತಿತ್ತು.

ಅವರು ಬಂದ ಮೇಲೆ ಆ ಊರಿಗೆ ಏನಾಯಿತು? ಕನ್ನಡವೊಂದನ್ನೇ ಓದುವವರು ಇದಕ್ಕೆ ಉತ್ತರ ಹೇಳುವುದು ಕಷ್ಟ. ನಮ್ಮ ತಕರಾರು ಇರುವುದೇ ಅಲ್ಲಿ.

ನಡೆದದ್ದು ಇಷ್ಟು. 2024ರ ಮೇ ತಿಂಗಳಿಂದ ಆರ್‌ಎಸ್‌ಎಫ್ ಪಡೆ ಎಲ್ ಫಾಶಿರ್‌ಗೆ ಮುತ್ತಿಗೆ ಹಾಕಿತು. ಜೂನ್ 13ರಂದು ವಿಶ್ವಸಂಸ್ಥೆಯ ಭದ್ರತಾ ಮಂಡಳಿ 2736ನೇ ನಿರ್ಣಯದಲ್ಲಿ ಮುತ್ತಿಗೆ ನಿಲ್ಲಿಸಿ ಎಂದಿತು, ನಿಲ್ಲಲಿಲ್ಲ. ಆಗಸ್ಟ್ 1ರಂದು ಊರಿನ ಪಕ್ಕದ ಜಂಜಂ ನಿರಾಶ್ರಿತರ ಶಿಬಿರದಲ್ಲಿ ಕ್ಷಾಮ ಇದೆಯೆಂದು ಐಪಿಸಿ ಎಂಬ ಅಂತರರಾಷ್ಟ್ರೀಯ ಆಹಾರ ಭದ್ರತಾ ವ್ಯವಸ್ಥೆಯ ಪರಿಶೀಲನಾ ಸಮಿತಿ ಹೇಳಿತು. 2025ರ ಏಪ್ರಿಲ್‌ನಲ್ಲಿ ಆ ಶಿಬಿರದ ಮೇಲೇ ದಾಳಿಯಾಗಿ ಲಕ್ಷಾಂತರ ಜನ ಮತ್ತೆ ಗುಳೆ ಎದ್ದರು. ಅದೇ ವರ್ಷ ಊರಿನ ಸುತ್ತ ಮಣ್ಣಿನ ಒಡ್ಡು ಎದ್ದಿತು. ಆಗಸ್ಟ್ ಕೊನೆಗೆ ಅದರ ಉದ್ದ 30 ಕಿಲೋಮೀಟರ್ ದಾಟಿತ್ತು. ಒಳಗೆ ಇನ್ನೂ ಸುಮಾರು 2.6 ಲಕ್ಷ ಜನ ಇದ್ದಾರೆಂಬುದು ವಿಶ್ವಸಂಸ್ಥೆಯ ಅಂದಾಜಾಗಿತ್ತು. ಅಕ್ಟೋಬರ್ 26ರಂದು ಊರು ಆರ್‌ಎಸ್‌ಎಫ್ ವಶವಾಯಿತು. ಮರುದಿನಗಳಲ್ಲಿ ಅಲ್ಲಿನ ಸೌದಿ ಹೆರಿಗೆ ಆಸ್ಪತ್ರೆಯಲ್ಲಿ ರೋಗಿಗಳು, ಅವರ ಜೊತೆಗಿದ್ದವರು ಸೇರಿ 460ಕ್ಕೂ ಹೆಚ್ಚು ಮಂದಿಯನ್ನು ಕೊಂದ ವರದಿ ಬಂದಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ತಿಳಿಸಿತು. ನವೆಂಬರ್ ಮೊದಲ ವಾರ ಎಲ್ ಫಾಶಿರ್‌ನಲ್ಲೂ ಕ್ಷಾಮ ದೃಢಪಟ್ಟಿತು.

31 ಜನರಿಗಾಗಿ ನಕ್ಷೆ ಸಮೇತ ಅಚ್ಚಾದ ಅದೇ ಊರು ಇದು. ಏಜೆನ್ಸಿಗಳ ವಿದೇಶಿ ಸುದ್ದಿಯನ್ನು ಕನ್ನಡಕ್ಕೆ ತಂದು ಪುಟಕ್ಕೆ ಕೂರಿಸುವ ಕೆಲಸ ಗೊತ್ತಿರುವ ನಾವು, ಈ ವ್ಯತ್ಯಾಸ ಯಾಕೆ ಆಗುತ್ತದೆ, ಎಷ್ಟು ಕಡಿಮೆ ಶ್ರಮದಲ್ಲಿ ಅದನ್ನು ಸರಿಪಡಿಸಬಹುದು ಎಂಬುದನ್ನು ವಿವರವಾಗಿ ಬರೆಯುತ್ತಿದ್ದೇವೆ. ಇದು ಒಂದು ಪತ್ರಿಕೆಯ ಮೇಲಿನ ದೂರಲ್ಲ. ಎಲ್ಲ ಡೆಸ್ಕ್‌ಗಳಲ್ಲೂ ನಡೆಯುವುದು ಇದೇ.

ಮೊದಲು ಒಂದು ಮಾತು ಸ್ಪಷ್ಟವಾಗಿರಲಿ. ತನ್ನೂರಿನ ಸಾವಿಗೆ ಜನ ಹೆಚ್ಚು ಮರುಗುವುದು ಸಹಜ, ಪತ್ರಿಕೆ ಅದಕ್ಕೆ ಮೊದಲ ಜಾಗ ಕೊಡುವುದೂ ಸರಿ. ಜಂಜಂನಲ್ಲಿ ಕ್ಷಾಮ ದೃಢಪಟ್ಟ ವಾರದಲ್ಲೇ ವಯನಾಡಿನಲ್ಲಿ ಗುಡ್ಡ ಕುಸಿದಿತ್ತು, ಎರಡು ವಾರ ಮೊದಲು ಅಂಕೋಲಾದ ಶಿರೂರಿನಲ್ಲಿ ಕುಸಿದಿತ್ತು. ಆ ದಿನ ದಾರ್ಫುರ್ (ಎಲ್ ಫಾಶಿರ್ ಇರುವ ಪಶ್ಚಿಮ ಸುಡಾನಿನ ಪ್ರದೇಶ) ಮುಖಪುಟಕ್ಕೆ ಬರಬೇಕಿತ್ತು ಎಂದು ನಾವು ಹೇಳುವುದಿಲ್ಲ. ನಮ್ಮ ಪ್ರಶ್ನೆ ದೂರದ ಸಾವುಗಳ ನಡುವಿನ ತಾರತಮ್ಯದ್ದು. ಬೆಂಗಳೂರಿನಿಂದ ಎಲ್ ಫಾಶಿರ್‌ಗೆ ನೇರ ದೂರ ಸುಮಾರು 5,600 ಕಿ.ಮೀ., ಕೀವ್‌ಗೆ 5,900, ಪ್ಯಾರಿಸ್‌ಗೆ 7,800. ಲಾಸ್ ಏಂಜಲೀಸ್ ಭೂಗೋಳದ ಆಚೆ ಬದಿಗೇ ಇದೆ. ಕಿಲೋಮೀಟರ್ ಲೆಕ್ಕದಲ್ಲಿ ಇವುಗಳಲ್ಲಿ ನಮಗೆ ಹತ್ತಿರದ್ದು ಎಲ್ ಫಾಶಿರ್. ನಮ್ಮ ಗೌರಿಬಿದನೂರೂ ಅದೂ ಹೆಚ್ಚುಕಡಿಮೆ ಒಂದೇ ಅಕ್ಷಾಂಶದಲ್ಲಿವೆ. ಅಲ್ಲಿನ ಹೊಲಗಳಲ್ಲಿ ಬೆಳೆಯುವುದು ಸಜ್ಜೆ, ಜೋಳ, ಶೇಂಗಾ, ಎಳ್ಳು.

ರಾತ್ರಿ ಪುಟ ಬಿಡುವ ಹೊತ್ತಿಗೆ ಸುದ್ದಿ ಬರುವುದಿಲ್ಲ ಎಂಬ ನೆಪವೂ ಸುಡಾನಿಗೆ ಒಪ್ಪುವುದಿಲ್ಲ. ಸುಡಾನಿನ ಗಡಿಯಾರ ನಮಗಿಂತ ಮೂರೂವರೆ ಗಂಟೆ ಹಿಂದೆ. ಇಲ್ಲಿ ರಾತ್ರಿ ಹತ್ತು ಎಂದರೆ ಅಲ್ಲಿ ಸಂಜೆ ಆರೂವರೆ. ಅಂದಿನ ಘಟನೆಗಳ ಏಜೆನ್ಸಿ ಕಾಪಿ ಆಗಲೇ ತಂತಿಯ ಮೇಲಿರುತ್ತದೆ. ನ್ಯೂಯಾರ್ಕ್‌ನಲ್ಲಿ ಆಗ ಮಧ್ಯಾಹ್ನ ಹನ್ನೆರಡರ ಆಸುಪಾಸು. ಅಲ್ಲಿನ ಸುದ್ದಿ ಅರ್ಧಂಬರ್ಧ ಬಂದಿದ್ದರೂ ನಗರ ಆವೃತ್ತಿಗೆ ಪುಟ ಒಡೆದು ಕೂರಿಸುತ್ತೇವೆ.

ಹಾಗಾದರೆ ತೊಡಕು ಎಲ್ಲಿದೆ? ಕಾಪಿ ಕತ್ತರಿಸುವ ರೀತಿಯಲ್ಲಿ ಮೊದಲನೆಯದು ಸಿಗುತ್ತದೆ. ಎಪಿ, ಎಎಫ್‌ಪಿ, ರಾಯಿಟರ್ಸ್ ಎಂಬ ವಿದೇಶಿ ಸುದ್ದಿಸಂಸ್ಥೆಗಳ ವರದಿ ನೇರವಾಗಿಯೋ ಪಿಟಿಐ ಮೂಲಕವೋ ಬರುತ್ತದೆ. 600–800 ಪದ ಇರುತ್ತದೆ. ಮೇಲೆ ಸಾವಿನ ಸಂಖ್ಯೆ, ಊರು, ಯಾರು ಹೇಳಿದರು ಎಂಬುದು. ಯುದ್ಧ ಯಾಕೆ, ಮುತ್ತಿಗೆ ಹಾಕಿದವರು ಯಾರು, ಅವರಿಗೆ ಬಂದೂಕು ಎಲ್ಲಿಂದ ಬರುತ್ತದೆ ಎಂಬುದೆಲ್ಲ ಕೊನೆಯ ಮೂರ‍್ನಾಲ್ಕು ಪ್ಯಾರಾದಲ್ಲಿ. ಉಪಸಂಪಾದಕರು ಕೆಳಗಿನಿಂದ ಕತ್ತರಿಸುತ್ತಾ ಬರುತ್ತಾರೆ, ಅದು ಕಸುಬಿನ ರೂಢಿ. 60 ಪದದ ಕಿರುಸುದ್ದಿಗೆ ಇಳಿಸಿದಾಗ ಉಳಿಯುವುದು ‘ಸುಡಾನ್: ದಾಳಿಗೆ 57 ಸಾವು’ ಎನ್ನುವ ಮಾದರಿಯ ಒಂದು ಸಾಲು. ನಾಳೆ ಬೇರೆ ಸಂಖ್ಯೆ, ನಾಡಿದ್ದು ಮತ್ತೊಂದು. ಹತ್ತು ದಿನ ಓದಿದರೂ ಓದುಗನಿಗೆ ಹನ್ನೊಂದನೆಯ ದಿನ ಹೊಸದೇನೂ ಗೊತ್ತಿರುವುದಿಲ್ಲ. ಬೇಸತ್ತು ಕಣ್ಣು ಹಾಯಿಸಿ ಬಿಡುತ್ತಾನೆ. ಆಮೇಲೆ ‘ಆಫ್ರಿಕಾ ಸುದ್ದಿ ಯಾರೂ ಓದುವುದಿಲ್ಲ’ ಎಂಬ ತೀರ್ಮಾನಕ್ಕೆ ನಾವೇ ಬರುತ್ತೇವೆ.

ಇದಕ್ಕೆ ಪರಿಹಾರ ತೀರಾ ಸುಲಭ. ಹಿನ್ನೆಲೆಯ ಒಂದು ಪ್ಯಾರಾವನ್ನು ಡೆಸ್ಕ್‌ನ ಎಲ್ಲ ಕಂಪ್ಯೂಟರ್‌ಗಳಲ್ಲೂ ಸಿದ್ಧವಾಗಿಟ್ಟು, ಸುದ್ದಿ ಎಷ್ಟೇ ಚಿಕ್ಕದಿರಲಿ, ಎರಡನೆಯ ವಾಕ್ಯದ ನಂತರ ಅದನ್ನು ಸೇರಿಸಬೇಕು. ಮಾದರಿಗೆ: ‘ಸುಡಾನಿನ ಸೇನೆ ಮತ್ತು ಅರೆಸೇನಾ ಪಡೆ ಆರ್‌ಎಸ್‌ಎಫ್ ನಡುವೆ 2023ರ ಏಪ್ರಿಲ್‌ನಿಂದ ಯುದ್ಧ ನಡೆದಿದೆ. ದಾರ್ಫುರ್‌ನ ಜಂಜಾವೀದ್ ಸಶಸ್ತ್ರ ಗುಂಪುಗಳಿಂದ 2013ರಲ್ಲಿ ಅಂದಿನ ಸರ್ಕಾರವೇ ಕಟ್ಟಿದ ಪಡೆ ಆರ್‌ಎಸ್‌ಎಫ್. ಇದಕ್ಕೆ ಶಸ್ತ್ರ ಒದಗಿಸಿದ ಆರೋಪವನ್ನು ಯುಎಇ ನಿರಾಕರಿಸಿದೆ. ಒಂದು ಕೋಟಿಗೂ ಹೆಚ್ಚು ಜನ ಮನೆ ಬಿಟ್ಟಿದ್ದಾರೆ.’ ಇದಕ್ಕೆ ಒಂದು ಕಾಲಂನಲ್ಲಿ ನಾಲ್ಕೈದು ಸೆಂಟಿಮೀಟರ್ ಸಾಕು. ತಿಂಗಳಿಗೊಮ್ಮೆ ಒಬ್ಬರು ಅದನ್ನು ತಿದ್ದಿಡಬೇಕು. ತಿದ್ದುವವರು ಯಾರು ಎಂದು ಗೊತ್ತುಪಡಿಸದಿದ್ದರೆ ಹಳತಾಗಿ ಉಳಿಯುತ್ತದೆ, ಮತ್ತೆ ಎಡವಟ್ಟು.

ಇದೇ ಪ್ಯಾರಾ ಇನ್ನೊಂದು ತಪ್ಪನ್ನೂ ತಡೆಯುತ್ತದೆ. ಆರ್‌ಎಸ್‌ಎಫ್‌ನವರನ್ನು ‘ಬಂಡುಕೋರರು’ ಎಂದೂ ಯುದ್ಧವನ್ನು ‘ಬುಡಕಟ್ಟು ಸಂಘರ್ಷ’ ಎಂದೂ ಬರೆದುಬಿಡುತ್ತೇವೆ. ಬಂಡುಕೋರರು ಎಂದೊಡನೆ ಓದುಗನ ಮನಸ್ಸಿಗೆ ಕಾಡಿನಲ್ಲಿ ಅಡಗಿದ ಗುಂಪು ಬರುತ್ತದೆ. ಇವರು 2021ರಲ್ಲಿ ಸೇನೆಯ ಜೊತೆ ಸೇರಿ ಸರ್ಕಾರವನ್ನು ಉರುಳಿಸಿ ಅಧಿಕಾರ ಹಂಚಿಕೊಂಡವರು, ಡ್ರೋನ್ ಹಾರಿಸುವವರು. ಬುಡಕಟ್ಟು ಸಂಘರ್ಷ ಎಂದರೆ ಅನಾದಿ ಕಾಲದಿಂದ ಹೊಡೆದಾಡಿಕೊಂಡವರು ಎಂಬ ಅರ್ಥ ಬರುತ್ತದೆ, ಹೊಣೆಗಾರರು ಯಾರೂ ಇಲ್ಲವೆಂದಾಗುತ್ತದೆ. ಮಸಾಲಿತ್‌ನಂತಹ ಸಮುದಾಯಗಳನ್ನು ಗುರಿ ಮಾಡಿ ಕೊಂದದ್ದು ನಿಜ. ಆದರೆ ಕೊಂದದ್ದು ಸಂಬಳ, ವಾಹನ, ಸೇನಾಧಿಕಾರಿಗಳು ಇರುವ ಪಡೆ.

ಎರಡನೆಯ ತೊಡಕು ಅನುವಾದದ್ದು. ನಮ್ಮನ್ನು ಹೆಚ್ಚು ಕಾಡುವುದೂ ಇದೇ. ಮುತ್ತಿಗೆಯ ಕೊನೆಯ ತಿಂಗಳುಗಳಲ್ಲಿ ಎಲ್ ಫಾಶಿರ್ ಜನ ‘ಪಶು ಆಹಾರ’ ತಿಂದು ಬದುಕಿದರು ಎಂದು ವರದಿಗಳು ಬಂದವು. ಪಶು ಆಹಾರ ಎಂದಾಗ ಕನ್ನಡದ ಓದುಗನಿಗೆ ಏನು ಕಾಣುತ್ತದೆ? ಮೂಟೆಯ ಮೇಲಿನ ಅಚ್ಚು ಅಕ್ಷರ ಮಾತ್ರ. ಅವರು ತಿಂದದ್ದು ಅಂಬಾಜ್. ಅಂದರೆ ಗಾಣದಲ್ಲಿ ಎಣ್ಣೆ ತೆಗೆದ ಮೇಲೆ ಉಳಿಯುವ ಶೇಂಗಾ ಹಿಂಡಿ. ಚಳ್ಳಕೆರೆಯಿಂದ ಗದಗದವರೆಗೆ ಹಿಂಡಿಯ ಬಿಲ್ಲೆ ಕೈಯಲ್ಲಿ ಹಿಡಿಯದ ರೈತನಿಲ್ಲ. ಅದರ ಬಿರುಸು, ಕಮಟು ವಾಸನೆ, ರಾತ್ರಿ ನೀರಿನಲ್ಲಿ ನೆನೆಹಾಕಿದರೆ ಬೆಳಿಗ್ಗೆ ಕಲಗಚ್ಚಿನಂತಾಗುವುದು ಎಲ್ಲವೂ ಅವನಿಗೆ ಗೊತ್ತು. ಬೂಸ್ಟು ಹಿಡಿದ ಹಿಂಡಿಯಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಇರುತ್ತದೆ, ಹಸುವಿಗೆ ಹಾಕಬೇಡಿ ಎಂದು ಪಶುವೈದ್ಯರು ಎಚ್ಚರಿಸುವುದೂ ಗೊತ್ತು. ‘ಎಲ್ ಫಾಶಿರ್‌ನಲ್ಲಿ ತಾಯಂದಿರು ಶೇಂಗಾ ಹಿಂಡಿ ನೆನೆಸಿ ಮಕ್ಕಳಿಗೆ ಕೊಡುತ್ತಿದ್ದಾರೆ, ಈಗ ಅದೂ ಸಿಗುತ್ತಿಲ್ಲ’ ಎಂದು ಬರೆದಿದ್ದರೆ ಆ ಸುದ್ದಿಯನ್ನು ದಾಟಿ ಮುಂದಿನ ಪುಟಕ್ಕೆ ಹೋಗುವುದು ಅವನಿಂದ ಆಗುತ್ತಿರಲಿಲ್ಲ. ಎರಡೂ ವಾಕ್ಯ ಹಿಡಿಸುವುದು ಹೆಚ್ಚುಕಡಿಮೆ ಒಂದೇ ಜಾಗ.

ಇಂತಹ ಪದಗಳ ಪಟ್ಟಿ ಮಾಡಿಕೊಳ್ಳುವುದು ಅರ್ಧ ದಿನದ ಕೆಲಸ. ಅಲ್ಲಿನ ‘ದುಖ್ನ್’ ನಮ್ಮ ಸಜ್ಜೆ, ಅದನ್ನು ‘ಸಿರಿಧಾನ್ಯ’ ಎಂದು ಬರೆದರೆ ಅಂಗಡಿಯ ಪೊಟ್ಟಣ ನೆನಪಾಗುತ್ತದೆ. ‘ಅಸೀದಾ’ ಎಂದರೆ ಸಜ್ಜೆ ಅಥವಾ ಜೋಳದ ಹಿಟ್ಟಿನ ಮುದ್ದೆ, ಗಂಜಿ ಅಲ್ಲ. ಊರಿನ ಯುವಕರು, ಹೆಂಗಸರು ಸೇರಿ ನಡೆಸಿದ ‘ತಕಾಯಾ’ಗಳನ್ನು ‘ಸಾಮುದಾಯಿಕ ಅಡುಗೆಮನೆ’ ಎಂದು ತೊದಲುವುದಕ್ಕಿಂತ ಗಂಜಿ ಕೇಂದ್ರ ಎನ್ನುವುದು ಮೇಲು. ಬರ, ನೆರೆ ಕಂಡ ಜಿಲ್ಲೆಗಳಲ್ಲಿ ಆ ಮಾತಿನ ತೂಕ ಎಲ್ಲರಿಗೂ ಗೊತ್ತಿದೆ. ಸುಡಾನಿನ ಇಂತಹ ಸ್ವಯಂಸೇವಕರ ಜಾಲಕ್ಕೆ, ಅಂದರೆ ಅಲ್ಲಿನ ‘ತುರ್ತು ಸ್ಪಂದನಾ ಕೊಠಡಿ’ಗಳಿಗೆ, 2025ರ ರೈಟ್ ಲೈವ್ಲಿಹುಡ್ ಪ್ರಶಸ್ತಿ ಬಂತು. ಎಲ್ಲ ನೆರವು ನಿಂತ ಮೇಲೂ ಒಲೆ ಉರಿಸಿದವರು ಅವರು. ಅವರ ಬಗ್ಗೆ ಒಂದು ಪೂರ್ಣ ಲೇಖನ ಕನ್ನಡದಲ್ಲಿ ಬರಲೇಬೇಕು.

‘ಬರ’ ಎಂಬ ಪದವನ್ನಂತೂ ಇಲ್ಲಿ ಬಳಸಲೇಬಾರದು. ಬರ ಎಂದರೆ ಮಳೆ ಕೈಕೊಟ್ಟದ್ದು, ದೇವರ ಮುನಿಸು. ಎಲ್ ಫಾಶಿರ್‌ನಲ್ಲಿ ಕೈಕೊಟ್ಟದ್ದು ಮಳೆಯಲ್ಲ. ಹೊಲಕ್ಕೆ ಹೋಗುವ, ಲಾರಿ ಬರುವ ದಾರಿಗಳನ್ನು ಮುಚ್ಚಿ ಸುತ್ತ ಒಡ್ಡು ಹಾಕಿದ್ದರಿಂದ ಬಂದ ಕ್ಷಾಮ ಅದು. ಕ್ಷಾಮ ಎಂದು ಸಾರಲು ಅಳತೆಗಳಿವೆ: ನೂರರಲ್ಲಿ 20 ಮನೆಗಳಿಗೆ ಆಹಾರದ ತೀವ್ರ ಅಭಾವ, ನೂರರಲ್ಲಿ 30 ಮಕ್ಕಳಲ್ಲಿ ತೀವ್ರ ಅಪೌಷ್ಟಿಕತೆ, ಪ್ರತಿ 10,000 ಜನಕ್ಕೆ ದಿನಕ್ಕೆ ಎರಡು ಸಾವು. ಮಕ್ಕಳ ಲೆಕ್ಕವನ್ನು ತೂಕ–ಎತ್ತರ ನೋಡಿ ಹಾಕುತ್ತಾರೆ, ಅದಾಗದ ಕಡೆ ತೋಳಿನ ಸುತ್ತಳತೆ ಹಿಡಿಯುತ್ತಾರೆ. ಅದಕ್ಕೆ ಬಳಸುವ ಬಣ್ಣದ ಅಳತೆಪಟ್ಟಿ ನಮ್ಮ ಅಂಗನವಾಡಿಗಳಲ್ಲೂ ಇದೆ: 11.5 ಸೆಂ.ಮೀ.ಗಿಂತ ಕಡಿಮೆಯಾದರೆ ಕೆಂಪು, 12.5ರವರೆಗೆ ಹಳದಿ, ಆಮೇಲೆ ಹಸಿರು. ಒಂದು ವರ್ಷದ ಮಗುವಿನ ತೋಳಿಗೆ ಅದನ್ನು ಸುತ್ತಿ ನೋಡಿದ ಅಂಗನವಾಡಿ ಕಾರ್ಯಕರ್ತೆಗೆ ದಾರ್ಫುರ್ ಸುದ್ದಿಯನ್ನು ಯಾರೂ ವಿವರಿಸಬೇಕಿಲ್ಲ. ಪಟ್ಟಿಯ ಚಿತ್ರವೊಂದನ್ನು ನಿಜವಾದ ಅಳತೆಯಲ್ಲೇ ಅಚ್ಚು ಹಾಕಿದರೆ ಸಾಕು. 11.5 ಸೆಂಟಿಮೀಟರ್ ಮೂರು ಕಾಲಂ ಒಳಗೆ ಕೂರುತ್ತದೆ.

ಮೂರನೆಯದು ಚಿತ್ರ. ಚಿತ್ರ ಇಲ್ಲದ ಸುದ್ದಿಗೆ ಪುಟದಲ್ಲಿ ಮೇಲಿನ ಜಾಗ ಸಿಗುವುದಿಲ್ಲ. ಮುತ್ತಿಗೆ ಬಿದ್ದ ಊರಿಗೆ ಛಾಯಾಗ್ರಾಹಕರು ಹೋಗಲಾರರು, ಫೋನ್ ಜಾಲ ಸತ್ತಿರುತ್ತದೆ, ಉಪಗ್ರಹ ಇಂಟರ್‌ನೆಟ್ ಇರುವ ಕೆಲವೇ ಜಾಗಗಳಿಂದ ಒಂದೆರಡು ಸಂದೇಶ ಹೊರಬರುತ್ತವೆ. ಹಾಗಾಗಿ ಎಲ್ ಫಾಶಿರ್‌ನ ಸಾಕ್ಷ್ಯ ಬಂದದ್ದು ಬಹುಪಾಲು ಆಕಾಶದಿಂದ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಮಾನವೀಯ ಸಂಶೋಧನಾ ಪ್ರಯೋಗಾಲಯದವರು ಉಪಗ್ರಹ ಚಿತ್ರಗಳಲ್ಲಿ ಮನುಷ್ಯ ದೇಹದ ಉದ್ದದ ಆಕೃತಿಗಳನ್ನೂ, ಪಕ್ಕದಲ್ಲೇ ನೆಲ ಕೆಂಪಾಗಿರುವುದನ್ನೂ ಗುರುತಿಸಿದರು. ಆ ಚಿತ್ರವನ್ನು ಹಾಗೇ ತೆಗೆದುಕೊಂಡು ಕಪ್ಪು–ಬಿಳುಪು ಒಳಪುಟಕ್ಕೆ ಹಾಕಿದರೆ ಕೆಂಪೆಲ್ಲ ಬೂದಿಯಾಗುತ್ತದೆ. ಸುದ್ದಿ ಕಾಗದದ ಮೇಲೆ ಶಾಯಿ ಹರಡಿ ಸೂಕ್ಷ್ಮ ಗೆರೆಗಳು ಕಲಸಿಹೋಗುತ್ತವೆ. ಓದುಗನಿಗೆ ಕಾಣುವುದು ಕೊಳೆಯಾದ ಒಂದು ಚೌಕ.

ಅದರ ಬದಲು ಕಲಾವಿದರಿಂದ ಗೆರೆಯ ನಕ್ಷೆ ಬರೆಸಬೇಕು. ಊರಿನ ಎಲ್ಲೆ, ಸುತ್ತಿನ ಮಣ್ಣಿನ ಒಡ್ಡು ದಪ್ಪ ಗೆರೆಯಲ್ಲಿ, ಆಸ್ಪತ್ರೆ, ಜಂಜಂ ಶಿಬಿರ, ಜನ ನಡೆದುಹೋದ ತವೀಲಾ ದಾರಿ. ತವೀಲಾ ಸುಮಾರು 60 ಕಿ.ಮೀ. ದೂರ, ಅಂದರೆ ಮೈಸೂರಿನಿಂದ ನಂಜನಗೂಡು ದಾಟಿ ಗುಂಡ್ಲುಪೇಟೆಯವರೆಗೆ ಮಕ್ಕಳನ್ನೆತ್ತಿಕೊಂಡು ನಡೆದಂತೆ. ಅಳತೆಪಟ್ಟಿ ಹಾಕುವುದನ್ನು ಮರೆಯಬಾರದು. ಎರಡು ಕಾಲಂ ಅಗಲ, ಹತ್ತು ಸೆಂ.ಮೀ. ಎತ್ತರ ಸಾಕು, ಒಮ್ಮೆ ಬರೆಸಿಟ್ಟರೆ ವರ್ಷವಿಡೀ ಬಳಸಬಹುದು. ಕೊಂದವರೇ ತೆಗೆದು ಹರಿಯಬಿಟ್ಟ ವಿಡಿಯೊಗಳ ತುಣುಕನ್ನು ಜಾಲತಾಣದಲ್ಲಿ ‘ಬೆಚ್ಚಿಬೀಳಿಸುವ ದೃಶ್ಯ’ ಎಂದು ಹಾಕುವುದು ಬೇಡ. ಅದು ಅವರ ಬೆದರಿಕೆಯನ್ನು ನಾವೇ ಮನೆಮನೆಗೆ ಮುಟ್ಟಿಸಿದಂತೆ. ಸತ್ತವರ ಮನೆಯವರು ಬೆಂಗಳೂರು, ಮೈಸೂರಿನ ಕಾಲೇಜುಗಳಲ್ಲೂ ಓದುತ್ತಿರಬಹುದು.

ನಾಲ್ಕನೆಯದು ಗಡಿಯಾರ. 2023ರ ಜೂನ್ 14ರಂದು ಗ್ರೀಸ್‌ನ ಪೈಲೋಸ್ ಬಳಿ ಅಡ್ರಿಯಾನಾ ಎಂಬ ದೋಣಿ ಮುಳುಗಿತು. ಅದರಲ್ಲಿ 750ರವರೆಗೆ ಜನ ಇದ್ದರೆಂದು ಅಂದಾಜು, ಬದುಕಿದವರು 104, ಸಿಕ್ಕ ಶವ 82. ನಾಲ್ಕು ದಿನದ ನಂತರ ಟೈಟಾನಿಕ್ ಅವಶೇಷ ನೋಡಲು ಐವರನ್ನು ಹೊತ್ತ ಟೈಟನ್ ಎಂಬ ಸಬ್‌ಮರ್ಸಿಬಲ್ ಕಾಣೆಯಾಯಿತು. ಟಿ.ವಿ. ಪರದೆಯ ಮೂಲೆಯಲ್ಲಿ ಆಮ್ಲಜನಕ ಇನ್ನೆಷ್ಟು ಗಂಟೆ ಎಂಬ ಎಣಿಕೆ ಶುರುವಾಯಿತು. ಐವರ ಸಾವೂ ಸಾವೇ, ಅವರ ಮನೆಯವರ ದುಃಖ ಕಡಿಮೆಯದಲ್ಲ. ಆದರೆ ಸುದ್ದಿಯನ್ನು ಎಳೆದದ್ದು ಆ ಗಡಿಯಾರ. ‘ಮುಂದೇನಾಯಿತು’ ಎಂದು ಜನ ಗಂಟೆಗೊಮ್ಮೆ ನೋಡುವಂತೆ ಮಾಡುವ ವಿಷಯಕ್ಕೆ ಜಾಗ ತಾನಾಗಿ ಸಿಗುತ್ತದೆ. ಹಸಿವಿಗೆ ಅಂತಹ ಗಂಟೆ ಇಲ್ಲ, ಸಾವು ಒಂದು ದಿನ ಆಗುವುದಿಲ್ಲ, ಆದ್ದರಿಂದ ‘ಇಂದಿನ ಸುದ್ದಿ’ ಎಂದೂ ಆಗುವುದಿಲ್ಲ.

ಇದು ಬರೀ ನಮ್ಮ ಊಹೆಯಲ್ಲ. ಸ್ಟಾಕ್‌ಹೋಮ್‌ನ ಐಸೆನ್ಸಿ ಮತ್ತು ಸ್ಟ್ರೋಮ್‌ಬರ್ಗ್ ಎಂಬ ಅರ್ಥಶಾಸ್ತ್ರಜ್ಞರು 1968ರಿಂದ 2002ರವರೆಗಿನ ಸುಮಾರು 5,000 ನೈಸರ್ಗಿಕ ವಿಕೋಪಗಳನ್ನು ಅಮೆರಿಕದ ಟಿ.ವಿ. ಸುದ್ದಿಯೊಡನೆ ತಾಳೆ ನೋಡಿ 2007ರಲ್ಲಿ ಪ್ರಕಟಿಸಿದರು. ಜ್ವಾಲಾಮುಖಿಯಲ್ಲಿ ಒಬ್ಬರು ಸತ್ತರೆ ಸಿಗುವ ಪ್ರಚಾರ ಬರ, ಆಹಾರ ಅಭಾವದ ಸುದ್ದಿಗೆ ಸಿಗಬೇಕಾದರೆ 40,000 ಜನ ಸಾಯಬೇಕು. ಪೂರ್ವ ಯುರೋಪಿನ ಒಂದು ಸಾವಿಗೆ ಆಫ್ರಿಕಾದ 45 ಸಾವು ಸಮ. ಒಲಿಂಪಿಕ್ಸ್ ನಡೆಯುವಾಗ ಆದ ವಿಕೋಪಕ್ಕೆ ಸುದ್ದಿಯೂ ಕಡಿಮೆ, ಅದರಿಂದಾಗಿ ಅಮೆರಿಕ ಸರ್ಕಾರದ ನೆರವು ಸಿಗುವ ಸಾಧ್ಯತೆಯೂ ಕಡಿಮೆ. ಜಂಜಂ ಕ್ಷಾಮ ದೃಢಪಟ್ಟ 2024ರ ಆಗಸ್ಟ್ 1ರಂದು ಪ್ಯಾರಿಸ್ ಒಲಿಂಪಿಕ್ಸ್ ನಡೆಯುತ್ತಿತ್ತು. ಅಂದು ಸ್ವಪ್ನಿಲ್ ಕುಸಾಳೆ ಶೂಟಿಂಗ್‌ನಲ್ಲಿ ಕಂಚು ಗೆದ್ದ ದಿನ. ಭದ್ರತಾ ಮಂಡಳಿ ನಿರ್ಣಯ ಮಾಡಿದ ವಾರ ಕರ್ನಾಟಕದಲ್ಲಿ ಚಿತ್ರನಟರೊಬ್ಬರ ಬಂಧನ ಬಿಟ್ಟರೆ ಬೇರೆ ಮಾತಿರಲಿಲ್ಲ. ಸುದ್ದಿ ಕಳೆದುಹೋಗಲು ಯಾರ ಕೆಟ್ಟ ಮನಸ್ಸೂ ಬೇಕಿಲ್ಲ, ತಪ್ಪಾದ ದಿನ ಬಂದರೆ ಸಾಕು.

ಹಾಗಾಗಿ ದಿನವನ್ನು ನಾವೇ ಗೊತ್ತುಮಾಡಿಕೊಳ್ಳಬೇಕು. ದಾರ್ಫುರ್ ಕೃಷಿಗೂ ನಮ್ಮ ಮುಂಗಾರಿಗೂ ಹೆಚ್ಚು ಅಂತರವಿಲ್ಲ: ಜೂನ್–ಜುಲೈ ಬಿತ್ತನೆ, ಸೆಪ್ಟೆಂಬರ್‌ವರೆಗೆ ಮಳೆ ಮತ್ತು ಹಗೇವು ಬರಿದಾಗುವ ಕಾಲ, ಅಕ್ಟೋಬರ್ ನಂತರ ಸುಗ್ಗಿ. ಡೆಸ್ಕ್‌ನ ಡೈರಿಯಲ್ಲಿ ಮೇ ಕೊನೆಗೆ ‘ಬಿತ್ತನೆಗೆ ಬೀಜ ಇದೆಯೇ, ಹೊಲಕ್ಕೆ ದಾರಿ ಇದೆಯೇ’, ಆಗಸ್ಟ್‌ಗೆ ‘ಚಾಡ್ ಗಡಿಯ ಅದ್ರೆ ದಾರಿಯಲ್ಲಿ ಲಾರಿಗಳು ಕೆಸರಲ್ಲಿ ಹೂತಿವೆಯೇ’, ನವೆಂಬರ್‌ಗೆ ‘ಸುಗ್ಗಿ ಎಷ್ಟು’ ಎಂದು ಮೊದಲೇ ಬರೆದಿಟ್ಟರೆ ಏಜೆನ್ಸಿಯ ಫ್ಲಾಶ್‌ಗೆ ಕಾಯಬೇಕಿಲ್ಲ. ಜಾಗದ ಲೆಕ್ಕವನ್ನೂ ಹೇಳುತ್ತೇವೆ. ಎಂಟು ಕಾಲಂ, ಸುಮಾರು 50 ಸೆಂ.ಮೀ. ಎತ್ತರದ ಒಂದು ಪುಟ ಎಂದರೆ 400 ಕಾಲಂ ಸೆಂಟಿಮೀಟರ್. ಹನ್ನೆರಡು ಪುಟದ ಪತ್ರಿಕೆ ವಾರಕ್ಕೆ 33,600. ಎರಡು ಕಾಲಂ, 15 ಸೆಂ.ಮೀ.ನ ಒಂದು ಚೌಕ ವಾರಕ್ಕೊಮ್ಮೆ ಒಂದೇ ವಾರದ ದಿನ, ಒಂದೇ ಮೂಲೆಯಲ್ಲಿ ಬಂದರೆ ಅದು 30, ಸಾವಿರಕ್ಕೆ ಒಂದರಷ್ಟೂ ಇಲ್ಲ. ಆ ಜಾಗಕ್ಕೆ ಜಾಹೀರಾತು ವಿಭಾಗದವರು ಕೊನೆ ಗಳಿಗೆಯಲ್ಲಿ ಕೈಹಾಕದಂತೆ ನೀವೇ ಕಾಯಬೇಕು. ವಿದೇಶ ಪುಟ ಬಲಿಯಾಗುವುದು ಬಹುತೇಕ ಅಲ್ಲೇ.

ಸಾವಿನ ಸಂಖ್ಯೆಯ ಬಗ್ಗೆ ಒಂದು ಎಚ್ಚರಿಕೆ. ಏಜೆನ್ಸಿ ಕೊಡುವುದು ಯಾರೋ ಎಣಿಸಿದ ಶವಗಳ ಲೆಕ್ಕ. ಲಂಡನ್ನಿನ ಸ್ಕೂಲ್ ಆಫ್ ಹೈಜೀನ್ ಅಂಡ್ ಟ್ರಾಪಿಕಲ್ ಮೆಡಿಸಿನ್‌ನ ಸಂಶೋಧಕರು 2024ರ ನವೆಂಬರ್‌ನಲ್ಲಿ ಖಾರ್ಟೂಮ್ ಪ್ರಾಂತ್ಯವೊಂದರಲ್ಲೇ ಮೊದಲ 14 ತಿಂಗಳಲ್ಲಿ 61,000ಕ್ಕೂ ಹೆಚ್ಚು ಸಾವು, ಅದರಲ್ಲಿ 26,000ಕ್ಕೂ ಹೆಚ್ಚು ನೇರ ಹಿಂಸೆಯಿಂದ ಎಂದು ಅಂದಾಜು ಮಾಡಿದರು. ಅವುಗಳಲ್ಲಿ ಹತ್ತರಲ್ಲಿ ಒಂಬತ್ತು ಎಲ್ಲೂ ದಾಖಲಾಗಿರಲಿಲ್ಲ. ವಿಧಾನ ಸರಳ: ಬೇರೆ ಬೇರೆ ಮೂಲಗಳಿಂದ ಮೃತರ ಪಟ್ಟಿ ಮಾಡಿ, ಎಷ್ಟು ಹೆಸರು ಒಂದಕ್ಕಿಂತ ಹೆಚ್ಚು ಪಟ್ಟಿಯಲ್ಲಿವೆ ಎಂದು ನೋಡುವುದು. ಕೆರೆಯ ಮೀನಿಗೆ ಗುರುತು ಹಾಕಿ ಬಿಟ್ಟು, ಮತ್ತೆ ಬಲೆ ಬೀಸಿದಾಗ ಗುರುತಿನವು ಎಷ್ಟು ಸಿಕ್ಕವು ಎಂಬುದರಿಂದ ಒಟ್ಟು ಮೀನು ಲೆಕ್ಕ ಹಾಕುವ ಕ್ರಮವೇ ಇದು. ಕನ್ನಡದಲ್ಲಿ ‘ದೃಢಪಟ್ಟ’, ‘ಅಂದಾಜು’ ಎಂಬ ಎರಡು ಪದಗಳನ್ನು ಕತ್ತರಿ ತಪ್ಪಿಯೂ ಮುಟ್ಟಬಾರದು. ಅವು ಬಿದ್ದುಹೋದರೆ ಇಂದಿನ 61,000 ನಾಳೆ 460ಕ್ಕೆ ಇಳಿದಂತೆ ಕಂಡು ಓದುಗ ಯಾವುದನ್ನೂ ನಂಬುವುದಿಲ್ಲ.

ಊರ ಹೆಸರಿನ ಕಾಗುಣಿತವೂ ಒಂದೇ ಇರಬೇಕು. ಎಲ್ ಫಾಶಿರ್, ಅಲ್ ಫಶೀರ್, ಎಲ್ ಫಾಷರ್, ಅಲ್–ಫಾಸಿರ್ ಹೀಗೆ ನಾಲ್ಕು ರೀತಿ ಬರೆದರೆ ಜಾಲತಾಣದ ಹುಡುಕಾಟದಲ್ಲಿ 2023ರ ವರದಿ 2025ರದರ ಪಕ್ಕ ಬರುವುದೇ ಇಲ್ಲ. ಹಕ್ಕಿಪಿಕ್ಕಿಗಳಿದ್ದ ಊರೇ ಇದು ಎಂಬುದು ರಾತ್ರಿಪಾಳಿಯ ಉಪಸಂಪಾದಕರಿಗೂ ಹೊಳೆಯದೆ ಹೋಗುವುದು ಹೀಗೆಯೇ.

ಕೊನೆಗೆ ಒಂದು ಬೇಡಿಕೆ. ಎಲ್ ಫಾಶಿರ್‌ನ ಗಲ್ಲಿಗಳಲ್ಲಿ ಬಾಡಿಗೆ ಮನೆ ಮಾಡಿ ಇದ್ದು, ಬಾಗಿಲು ಬಾಗಿಲಿಗೆ ಹೋಗಿ ಎಣ್ಣೆ ಮಾರಿದವರು ಚನ್ನಗಿರಿ ತಾಲ್ಲೂಕಿನಲ್ಲಿ, ಶಿವಮೊಗ್ಗದಲ್ಲಿ, ಹುಣಸೂರು ಕಡೆಯ ಹಾಡಿಗಳಲ್ಲಿ ಇದ್ದಾರೆ. ಲಂಡನ್, ನ್ಯೂಯಾರ್ಕ್‌ನ ಪತ್ರಿಕೆಗಳಿಗೆ ಸಿಗದ ಸಾಕ್ಷಿಗಳು ನಿಮ್ಮ ಜಿಲ್ಲಾ ವರದಿಗಾರರಿಗೆ ಒಂದು ಬಸ್ಸಿನ ದೂರದಲ್ಲಿದ್ದಾರೆ. ದಯವಿಟ್ಟು ಕಳುಹಿಸಿ. ‘ಹೇಗೆ ಪಾರಾಗಿ ಬಂದಿರಿ’ ಎಂದು ಮತ್ತೆ ಕೇಳುವುದು ಬೇಡ, ಅದು ಅಂದೇ ಅಚ್ಚಾಗಿದೆ. ಮನೆ ಕೊಟ್ಟವರು ಯಾರು, ಅವರ ಮನೆಯಲ್ಲಿ ಮಕ್ಕಳೆಷ್ಟು, ನೀರು ಎಲ್ಲಿಂದ ತರುತ್ತಿದ್ದರು, ಸಂತೆ ಯಾವ ದಿನ, ಸೌದಿ ಆಸ್ಪತ್ರೆ ಯಾವ ಬೀದಿಯಲ್ಲಿತ್ತು, ಎಣ್ಣೆ ಕೊಂಡ ಹೆಂಗಸರು ಏನು ಮಾತಾಡುತ್ತಿದ್ದರು, ಯಾರ ಫೋನ್ ನಂಬರ್ ಇನ್ನೂ ಇದೆ, ಕೊನೆಯ ಬಾರಿ ಅದು ರಿಂಗಾದದ್ದು ಯಾವಾಗ ಎಂದು ಕೇಳಲಿ. ಅಲ್ಲಿನವರ ಹೆಸರು, ನಂಬರ್ ಮಾತ್ರ ಅಚ್ಚು ಹಾಕುವುದು ಬೇಡ. ಉಳಿದಿದ್ದರೆ ಅವರು ಈಗಲೂ ಅದೇ ಪಡೆಯ ಕೈಯಲ್ಲಿದ್ದಾರೆ.

ಇಂತಿ,
ವಿದೇಶಿ ಸುದ್ದಿ ಅನುವಾದದ ಕೆಲಸ ಬಲ್ಲ ಕೆಲವು ಓದುಗರು
ಬೆಂಗಳೂರು, ಧಾರವಾಡ